ನಾಯಿಯೋ ಬೆಕ್ಕೋ? ಮೊದಲು ಮಧ್ಯಾಹ್ನ ಮನೇಲಿ ಯಾರಿರುತ್ತಾರೆ ನೋಡಿ

ಯಾವ ಪ್ರಾಣಿ ಸಾಕಿದರೆ ಒಳ್ಳೇದು ಅಂತ ಕೇಳಿದವರಿಗೆಲ್ಲ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಮಧ್ಯಾಹ್ನ ಮೂರು ಗಂಟೆಗೆ ನಿಮ್ಮ ಮನೇಲಿ ಯಾರಿರುತ್ತಾರೆ?

ನಮ್ಮ ಕಡೆ ಮನೆಗೆ ನಾಯಿ ಬರುವ ಕಥೆ ಹೆಚ್ಚುಕಮ್ಮಿ ಒಂದೇ ಥರ. ಮಗು ಹಟ ಮಾಡುತ್ತದೆ. ಅಪ್ಪ ಒಂದು ಭಾನುವಾರ ರಟ್ಟಿನ ಡಬ್ಬದಲ್ಲಿ ಮರಿ ಹೊತ್ತು ತರುತ್ತಾರೆ. ಒಂದು ವಾರ ಫೋಟೋ, ವೀಡಿಯೊ. ಎರಡನೇ ತಿಂಗಳಿಗೆ ಅನ್ನ ಕಲಸೋದು, ಉಚ್ಚೆ ಒರೆಸೋದು, ಬೆಳಿಗ್ಗೆ ಆರಕ್ಕೆ ಸುತ್ತಾಡಿಸೋದು ಎಲ್ಲ ಮನೇಲಿ ಇರುವವರ ತಲೆಗೆ ಬಂದಿರುತ್ತದೆ. ಅವರು ಅಮ್ಮ ಇರಬಹುದು, ಅತ್ತೆ ಇರಬಹುದು, ರಿಟೈರ್ ಆದ ಮಾವ ಇರಬಹುದು. ತರುವವರು ಒಬ್ಬರು, ಸಾಕುವವರು ಇನ್ನೊಬ್ಬರು. ಆದ್ದರಿಂದ ತಳಿ ನೋಡೋಕೆ ಮುಂಚೆ ಆ ಇನ್ನೊಬ್ಬರನ್ನು ನೋಡಿ. ಅವರ ಮಂಡಿ ಹೇಗಿದೆ, ಅವರಿಗೆ ಮಡಿ ಎಷ್ಟಿದೆ, ಇಷ್ಟು ಗೊತ್ತಾದರೆ ಅರ್ಧ ಆಯ್ಕೆ ಮುಗಿದ ಹಾಗೆ.

ವರ್ಷದ ಲೆಕ್ಕವನ್ನೂ ಹಾಕಿ. ನಾಯಿ 10ರಿಂದ 14 ವರ್ಷ ಬದುಕುತ್ತದೆ. ಮನೆಯೊಳಗೇ ಇರುವ ಬೆಕ್ಕು 15 ದಾಟುವುದೂ ಉಂಟು. ಎರಡನೇ ಕ್ಲಾಸಲ್ಲಿ ಹಟ ಮಾಡಿದ ಮಗು ಹಾಸ್ಟೆಲ್ಲಿಗೆ ಹೋಗುವ ಹೊತ್ತಿಗೆ ಮರಿ ಮುದಿಯಾಗಿ, ಸೋಫಾ ಹತ್ತಲಾಗದೆ ಕೆಳಗೆ ನಿಂತು ನೋಡುತ್ತಿರುತ್ತದೆ.

ನಾನು ಮಾಡಿದ ತಪ್ಪು: ಪಗ್

2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತು ಬಂತಲ್ಲ, ಹುಡುಗನ ಹಿಂದೆ ಹಿಂದೆ ಓಡುವ ಪುಟ್ಟ ನಾಯಿ, ಅದರ ಮೋಹ ನನಗೆ ಬಹಳ ವರ್ಷ ಬಿಟ್ಟಿರಲಿಲ್ಲ. ಇವತ್ತಿಗೂ ಎಷ್ಟೋ ಜನ ಪಗ್ ಅನ್ನುವುದಿಲ್ಲ, 'ಹಚ್ ನಾಯಿ' ಅನ್ನುತ್ತಾರೆ. ನಾನೂ ಒಂದು ಮರಿ ಕೊಂಡು ತಂದೆ. ಮಾರಿದವನು 45 ದಿನ ಅಂದ. ಡಾಕ್ಟರು ಹಲ್ಲು ನೋಡಿ, ಇದಕ್ಕೆ 35 ದಿನವೂ ಆಗಿರೋದು ಅನುಮಾನ ಅಂದರು.

ಆರನೇ ದಿನ ವಾಂತಿ ಶುರುವಾಯಿತು. ಆಮೇಲೆ ರಕ್ತ ಕಲೆತ ಭೇದಿ. ಆ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮರೆಯೋದಿಲ್ಲ. ಪಾರ್ವೊ ಅನ್ನುವ ವೈರಸ್ ಕಾಯಿಲೆ. ಮೂರು ದಿನ ಡ್ರಿಪ್ ಹಾಕಿಸಿದೆವು. ಉಳಿಯಲಿಲ್ಲ. ಅಮ್ಮ ಆ ಮೂರು ರಾತ್ರಿ ನೆಲದಲ್ಲಿ ಅದರ ಪಕ್ಕವೇ ಮಲಗಿದ್ದರು. ನಾಯಿ ಬೇಡ ಅಂತ ಮೊದಲಿನಿಂದ ಹೇಳುತ್ತಿದ್ದವರೂ ಅವರೇ.

ಇದರಿಂದ ಎರಡು ವಿಷಯ ಕಲಿತೆ. ಒಂದು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಅಂತ 2017ರ ಕೇಂದ್ರದ ನಿಯಮವೇ ಇದೆ. ಮರಿಯ ತಾಯಿಯನ್ನು ತೋರಿಸಿ ಅನ್ನಿ. ತೋರಿಸದಿದ್ದರೆ ಎದ್ದು ಬನ್ನಿ. ಇನ್ನೊಂದು, ಮರಿ ಬದುಕಿದ್ದರೂ ಪಗ್ ನಮಗೆ ಸರಿಯಾದ ನಾಯಿ ಆಗಿರಲಿಲ್ಲ. ಅದರ ಮೂತಿಯನ್ನು ಮನುಷ್ಯರೇ ತಲೆಮಾರುಗಟ್ಟಲೆ ತಳಿ ಮಾಡಿ ಚಪ್ಪಟೆ ಮಾಡಿಟ್ಟಿದ್ದಾರೆ. ಹಾಗಾಗಿ ಮೂಗು ಕಿರಿದು, ಉಸಿರಾಟ ಕಷ್ಟ. ನಾಯಿ ಮೈ ತಂಪು ಮಾಡಿಕೊಳ್ಳುವುದೇ ನಾಲಿಗೆ ಚಾಚಿ ಏದುಸಿರು ಬಿಟ್ಟು. ಅದೇ ಕಷ್ಟವಾದರೆ ಬೇಸಿಗೆಯ ಗತಿಯೇನು? ನಾವು ಮುದ್ದು ಅಂದುಕೊಳ್ಳುವ ಆ ಗೊರಕೆ ಅದರ ಉಸಿರಿನ ಪರದಾಟ. ಶಿಟ್ಜು ಅನ್ನುವ ಉದ್ದ ಕೂದಲಿನ ಪುಟ್ಟ ನಾಯಿಗೂ ಈ ತೊಂದರೆ ಇದೆ, ಜೊತೆಗೆ ದಿನಾ ಕೂದಲು ಬಾಚಬೇಕು. ಹಸ್ಕಿಯ ವಿಚಾರ ಎತ್ತಲೇಬೇಡಿ. ಸೈಬೀರಿಯಾದ ಹಿಮಕ್ಕೆ ಹುಟ್ಟಿದ ನಾಯಿಯನ್ನು 40 ಡಿಗ್ರಿ ದಾಟುವ ಕಲಬುರಗಿಗೆ ತಂದು, ಎಸಿ ಹಾಕಿ ಸಾಕುತ್ತೇವೆ ಅನ್ನುವವರಿಗೆ ಕರೆಂಟು ಹೋಗುವ ವಿಷಯ ಮರೆತಿರುತ್ತದೆ.

ಲ್ಯಾಬ್: ಒಳ್ಳೆಯದೇ, ಆದರೆ ಹಗ್ಗದ ಈ ತುದಿಯಲ್ಲಿ ಯಾರು?

'ಮಕ್ಕಳಿರುವ ಮನೆಗೆ ಲ್ಯಾಬ್ರಡಾರ್' ಅನ್ನುವುದು ಸುಳ್ಳಲ್ಲ. ಸ್ವಭಾವ ಮೃದು, ಹೇಳಿದ್ದು ಬೇಗ ಕಲಿಯುತ್ತದೆ. ತೊಂದರೆ ಇರುವುದು ತೂಕದಲ್ಲಿ. ಬೆಳೆದ ಲ್ಯಾಬ್ 25ರಿಂದ 35 ಕೆಜಿ ತೂಗುತ್ತದೆ. ಎದುರಿಗೆ ಬೆಕ್ಕು ಕಂಡು ಅದು ಒಮ್ಮೆ ಜಗ್ಗಿತು ಅನ್ನಿ, ಹಗ್ಗ ಹಿಡಿದವರು ಅರವತ್ತೈದರ ಮಂಡಿನೋವಿನ ಅಜ್ಜಿ ಅನ್ನಿ. ನಮ್ಮ ಬೀದಿಯಲ್ಲೇ ಒಬ್ಬರು ಹೀಗೆ ಬಿದ್ದು ಮಣಿಕಟ್ಟು ಮುರಿದುಕೊಂಡರು.

ಹೊಟ್ಟೆಯಂತೂ ತುಂಬಿತು ಅನ್ನೋದೇ ಇಲ್ಲ. ಎಲ್ಲರೂ ಒಂದೊಂದು ತುತ್ತು ಹಾಕುತ್ತಾರೆ, ನಾಲ್ಕು ವರ್ಷಕ್ಕೆ ಅದು ದಿಂಬಿನ ಹಾಗಾಗುತ್ತದೆ. ಈ ತಳಿಗೆ ಸೊಂಟದ ಕೀಲಿನ ತೊಂದರೆ ಬೇರೆ ಇರುವುದರಿಂದ ಬೊಜ್ಜು ಬಂದರೆ ಎದ್ದು ನಿಲ್ಲೋದೇ ಕಷ್ಟ. ಕೂದಲು ವರ್ಷವಿಡೀ ಉದುರುತ್ತದೆ. ದಿನಕ್ಕೆ ಎರಡು ಹೊತ್ತು ಕೈಬಲ ಇರುವ ಯಾರಾದರೂ ಒಂದು ಗಂಟೆ ಓಡಾಡಿಸುವುದಾದರೆ ತನ್ನಿ.

ಮುಧೋಳ: ಹೆಮ್ಮೆಗೋಸ್ಕರ ತರಬೇಡಿ

ಬಾಗಲಕೋಟೆ ಜಿಲ್ಲೆಯ ಮುಧೋಳದ ಈ ಬೇಟೆನಾಯಿಯ ಹೆಸರು ಈಗ ಎಲ್ಲರಿಗೂ ಗೊತ್ತು. ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಕಾಪಾಡಿ ಬೆಳೆಸಿದರು. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. ಆಮೇಲೆ ಸೈನ್ಯವೂ ಮರಿಗಳನ್ನು ತೆಗೆದುಕೊಂಡು ಮೀರತ್‌ನಲ್ಲಿ ತರಬೇತಿ ಕೊಟ್ಟಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ನಾಯಿ ಸಂಶೋಧನಾ ಕೇಂದ್ರ ಇದೆ. ಮರಿ ಬೇಕಿದ್ದರೆ ಮೊದಲು ಅಲ್ಲಿ ವಿಚಾರಿಸಿ. ಬೇರೆ ಕಡೆ ಮುಧೋಳ ಅಂತ ಹೇಳಿ ಸಪೂರ ಇರೋದನ್ನೆಲ್ಲ ಮಾರುತ್ತಾರೆ.

ಬೇಟೆನಾಯಿಯ ಮೋಹ ನಮ್ಮ ನಾಡಲ್ಲಿ ಇವತ್ತಿನದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಹತ್ತನೇ ಶತಮಾನದ ಶಾಸನ ನೋಡಿ. ಗಂಗರ ದೊರೆ ಬೂತುಗ ಮೆಚ್ಚಿ ಏನು ಬೇಕೋ ಕೇಳು ಅಂದಾಗ ಮಣಲೇರ ಅನ್ನುವ ವೀರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಅನ್ನುವ ನಾಯಿಯನ್ನು ಕೇಳಿದ. ಆ ಕಾಳಿ ಕಾಡುಹಂದಿಯ ಜೊತೆ ಹೋರಾಡಿ ಎರಡೂ ಸತ್ತವು. ಅದರ ನೆನಪಿಗೆ ನಿಲ್ಲಿಸಿದ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ. ನಾಯಿ ಮತ್ತು ಹಂದಿ ಕಾದಾಡುವುದನ್ನು ಅದರ ಮೇಲೇ ಕೆತ್ತಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.

ಈಗ ಫ್ಲ್ಯಾಟಿನ ವಿಷಯ. ಮುಧೋಳ ಕಣ್ಣಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಏನೋ ಓಡಿತು ಅಂದರೆ ಇದೂ ಓಡಿತು, ಆಮೇಲೆ ನೀವು ಎಷ್ಟು ಕೂಗಿದರೂ ಕಿವಿ ಕೇಳೋದಿಲ್ಲ. ಕೋಳಿ, ಮೊಲ, ಪಕ್ಕದ ಮನೆಯ ಬೆಕ್ಕು ಯಾವುದಕ್ಕೂ ಗ್ಯಾರಂಟಿ ಇಲ್ಲ. ಉಳಿದ ಹೊತ್ತು ಮನೇಲಿ ತಣ್ಣಗೆ ಮಲಗಿರುತ್ತದೆ. ಹೊಸಬರ ಜೊತೆ ಬೇಗ ಬೆರೆಯುವುದಿಲ್ಲ. ನೆಂಟರು ಬಂದ ಕೂಡಲೇ ಬಾಲ ಅಲ್ಲಾಡಿಸಿಕೊಂಡು ಬರಲಿ ಅನ್ನುವವರಿಗೆ ಇದು ನಿರಾಸೆ. ಮೈಮೇಲೆ ಕೊಬ್ಬು ಕಮ್ಮಿ, ಕೂದಲು ತೆಳು, ಹಾಗಾಗಿ ಮಲೆನಾಡಿನ ಮಳೆಯಲ್ಲಿ ನಡುಗುತ್ತದೆ. ಬಯಲುಸೀಮೆಯ ತೋಟದ ಮನೆ, ಎತ್ತರದ ಬೇಲಿ, ಮನಸಾರೆ ಓಡಲು ಜಾಗ, ಇಷ್ಟಿದ್ದರೆ ಇದಕ್ಕಿಂತ ಒಳ್ಳೆಯ ನಾಯಿ ಕರ್ನಾಟಕದಲ್ಲಿ ಇಲ್ಲ. ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಬೇಡ.

ಬೀದಿ ನಾಯಿ: ಮರಿ ಬೇಡ, ದೊಡ್ಡದು ತನ್ನಿ

ಪಗ್ ಸತ್ತ ಮೇಲೆ ಡಾಕ್ಟರು ಹೇಳಿದ್ದರು, ಪಾರ್ವೊ ವೈರಸ್ಸು ನೆಲದಲ್ಲಿ, ಮಣ್ಣಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಲಸಿಕೆ ಆಗದ ಮರಿ ಸದ್ಯ ತರಬೇಡಿ ಅಂತ. ಆ ಕಾರಣಕ್ಕೇ ನಾವು ದೊಡ್ಡ ನಾಯಿಯ ಕಡೆ ನೋಡಿದ್ದು. ಇಲ್ಲದಿದ್ದರೆ ಆ ಯೋಚನೆಯೇ ಬರುತ್ತಿರಲಿಲ್ಲ. ಸುಮಾರು ಎರಡು ವರ್ಷದ ಕಂದು ನಾಯಿ. ಒಂದು ಕಿವಿಯ ತುದಿಯಲ್ಲಿ ಚಿಕ್ಕ ಕಚ್ಚು. ಸಂತಾನಹರಣ ಆಪರೇಷನ್ ಆಗಿ, ರೇಬೀಸ್ ಚುಚ್ಚುಮದ್ದು ಬಿದ್ದಿದೆ ಅನ್ನುವುದಕ್ಕೆ ಅದು ಗುರುತು. ಅಮ್ಮ ಅದಕ್ಕೆ ಕೆಂಚ ಅಂತ ಹೆಸರಿಟ್ಟರು.

ದೊಡ್ಡ ನಾಯಿ ಒಗ್ಗಿಕೊಳ್ಳುವುದಿಲ್ಲ ಅನ್ನುವುದು ಸುಮ್ನೆ ಭಯ. ಮರಿಯಾದರೆ ಮುಂದೆ ಎಷ್ಟು ಬೆಳೆಯುತ್ತೆ, ಎಂಥ ಬುದ್ಧಿ ಬರುತ್ತೆ ಏನೂ ಗೊತ್ತಿರುವುದಿಲ್ಲ. ದೊಡ್ಡದಾದರೆ ಎಲ್ಲ ಕಣ್ಣೆದುರೇ ಇದೆ. ಚಪ್ಪಲಿ ಕಚ್ಚುವ ವಯಸ್ಸು ಮುಗಿದಿರುತ್ತದೆ. ಹೊರಗೆ ಹೋಗಿ ಬರುವುದನ್ನು ಕೆಂಚ ಒಂದೇ ವಾರದಲ್ಲಿ ಕಲಿತ. ಮಡಿಯ ವಿಷಯದಲ್ಲಿ ಅಮ್ಮ ಹಾಕಿದ್ದು ಒಂದೇ ಷರತ್ತು, ಅಡುಗೆಮನೆ ಹೊಸ್ತಿಲು ದಾಟಬಾರದು. ಅವನು ಈಗಲೂ ಮುಂಗಾಲಿನ ಉಗುರು ಹೊಸ್ತಿಲಿಗೆ ತಾಗಿಸಿ, ಮೂತಿ ಮಾತ್ರ ಒಳಗಿಟ್ಟು ಮಲಗುತ್ತಾನೆ. ಅಮ್ಮ ಅವರೆಕಾಯಿ ಸುಲಿಯುವಾಗ ಒಂದೊಂದು ಕಾಳು ಆ ಕಡೆ ಉರುಳಿ ಹೋಗುತ್ತದೆ. ಅದು ಕೈತಪ್ಪಿಯೇ ಉರುಳುವುದಾ ಅಂತ ನಾನು ಕೇಳಿಲ್ಲ.

ಕಷ್ಟಗಳೂ ಇವೆ. ಮೊದಲ ಆರು ತಿಂಗಳು ಪೊರಕೆ ಎತ್ತಿದರೆ ಮಂಚದ ಕೆಳಗೆ ಓಡುತ್ತಿದ್ದ. ಬೀದಿಯಲ್ಲಿ ಯಾರೋ ಹೊಡೆದಿರಬೇಕು. ದೀಪಾವಳಿಯ ಮೂರು ರಾತ್ರಿ ಇವತ್ತಿಗೂ ಬಚ್ಚಲುಮನೆಯಲ್ಲೇ ಕಳೆಯುತ್ತಾನೆ. ಹಬ್ಬದ ವಾರದಲ್ಲಿ ಯಾವ ಪ್ರಾಣಿಯನ್ನೂ ಹೊಸದಾಗಿ ಮನೆಗೆ ತರಬೇಡಿ. ಪಟಾಕಿಗೆ ಬೆದರಿ ಬಾಗಿಲು ಸಂದಿಯಲ್ಲಿ ಓಡಿದರೆ ವಾಪಸು ಬರೋಕೆ ಅದಕ್ಕೆ ಮನೆಯ ದಾರಿ ಗೊತ್ತಿರುವುದಿಲ್ಲ.

ಖರ್ಚು ಹೇಳಿಬಿಡುತ್ತೇನೆ. ಕೆಂಚ 16 ಕೆಜಿ ಇದ್ದಾನೆ. ಊಟ, ಮೈಮೇಲೆ ಕೂತು ರಕ್ತ ಹೀರುವ ಉಣ್ಣೆ ಹುಳದ ಔಷಧಿ ಎಲ್ಲ ಸೇರಿ ತಿಂಗಳಿಗೆ 2,500 ರೂಪಾಯಿ ಹತ್ತಿರ ಆಗುತ್ತದೆ. ಲ್ಯಾಬ್ ಇರುವ ಗೆಳೆಯನಿಗೆ ಇದರ ಎರಡರಷ್ಟು. ಉಣ್ಣೆ ಔಷಧಿಗೆ ಜಿಪುಣತನ ಮಾಡಬೇಡಿ. ಉಣ್ಣೆಯಿಂದ ಬರುವ ಜ್ವರ ರಕ್ತವನ್ನೇ ಕೆಡಿಸುತ್ತದೆ, ಆಮೇಲೆ ಆಸ್ಪತ್ರೆಯ ಬಿಲ್ಲು ನೋಡಿ ಅಳಬೇಕಾಗುತ್ತದೆ.

ರಾಗಿ ಅಂಬಲಿ, ಮೊಸರನ್ನ, ಬೇಯಿಸಿದ ಮೊಟ್ಟೆ ಕೊಡಬಹುದು. ಉಳಿದ ಸಾರು ಸುರಿಯುವ ಅಭ್ಯಾಸ ಮಾತ್ರ ಬಿಡಿ. ಈರುಳ್ಳಿ, ಬೆಳ್ಳುಳ್ಳಿ ಎರಡೂ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ಪಾಯಸದ ದ್ರಾಕ್ಷಿ ಕಿಡ್ನಿಗೆ ಅಪಾಯ. ಚಾಕೊಲೇಟ್ ವಿಷ.

ಬೆಕ್ಕು: ಮಂಡಿನೋವಿನ ಮನೆಗೆ

ಮಧ್ಯಾಹ್ನ ಮನೇಲಿ ಯಾರೂ ಇರುವುದಿಲ್ಲ, ಅಥವಾ ಇರುವವರಿಗೆ ಮೆಟ್ಟಿಲು ಹತ್ತಿ ಇಳಿಯಲು ಆಗುವುದಿಲ್ಲ ಅಂದರೆ ನಾಯಿಯ ಆಸೆ ಬಿಟ್ಟು ಬೆಕ್ಕಿನ ಕಡೆ ನೋಡಿ. ವಾಕಿಂಗ್ ಇಲ್ಲ. ಒಂದು ಟ್ರೇಯಲ್ಲಿ ಮರಳು ಹಾಕಿಟ್ಟರೆ ಹೆಚ್ಚಿನವು ತಾವೇ ಕಲಿತು ಅಲ್ಲೇ ಮುಗಿಸಿ ಮುಚ್ಚುತ್ತವೆ. ಇಲಿ, ಹಲ್ಲಿ, ಜಿರಳೆ ವಿಚಾರಿಸಿಕೊಳ್ಳುತ್ತದೆ. ಕರೆದರೆ ಬರುತ್ತೆ ಅಂತ ಮಾತ್ರ ನಂಬಿಕೊಂಡು ಕೂರಬೇಡಿ.

ಸಸ್ಯಾಹಾರಿ ಮನೆಯವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ನಾಯಿ ಅನ್ನ, ಮೊಸರು, ಮೊಟ್ಟೆಯಲ್ಲಿ ಡಾಕ್ಟರ ಸಲಹೆ ಕೇಳಿಕೊಂಡು ಹೇಗೋ ಸುಧಾರಿಸುತ್ತದೆ. ಬೆಕ್ಕು ಹಾಗಲ್ಲ. ಅದಕ್ಕೆ ಟಾರಿನ್ ಅನ್ನುವ ಅಂಶ ಬೇಕೇ ಬೇಕು, ಅದು ಸಿಗೋದು ಮಾಂಸ, ಮೀನಲ್ಲಿ. ಕಮ್ಮಿಯಾದರೆ ಕಣ್ಣು, ಹೃದಯ ಎರಡೂ ಹಾಳು. ಅಂಗಡಿಯ ಪ್ಯಾಕೆಟ್ಟಿನ ಕಾಳಲ್ಲೂ ಕೋಳಿ, ಮೀನೇ ಇರುವುದು. ಆ ಪ್ಯಾಕೆಟ್ಟು ಎಲ್ಲಿಡಬೇಕು, ಯಾರು ಹಾಕಬೇಕು ಅನ್ನುವುದು ಬೆಕ್ಕು ಬರುವ ಮುಂಚೆಯೇ ತೀರ್ಮಾನ ಆಗಲಿ. ನನ್ನ ಚಿಕ್ಕಮ್ಮನ ಮನೇಲಿ ಅದು ಬಾಲ್ಕನಿಯ ಶೂ ಸ್ಟ್ಯಾಂಡ್ ಮೇಲಿದೆ. ಹಾಕುವ ಕೆಲಸ ಚಿಕ್ಕಪ್ಪಂದು, ಹಾಕಿದ ಮೇಲೆ ಕೈ ತೊಳೆದುಕೊಂಡೇ ಒಳಗೆ ಬರಬೇಕು. ಬೆಕ್ಕು ಅಂದರೆ ಹಾಲು ಅಂತ ನಮ್ಮ ತಲೆಯಲ್ಲಿ ಕೂತಿದೆ, ಆದರೆ ಬೆಳೆದ ಬೆಕ್ಕುಗಳಿಗೆ ಹಸುವಿನ ಹಾಲು ಸಾಮಾನ್ಯವಾಗಿ ಜೀರ್ಣ ಆಗುವುದಿಲ್ಲ, ಹೊಟ್ಟೆ ಕೆಡುತ್ತದೆ.

ಬೆಕ್ಕಿಗೆ ಜ್ವರ ಬಂದಿದೆ ಅಂತ ಪ್ಯಾರಾಸಿಟಮಾಲ್ ಮಾತ್ರೆ ಮುರಿದು ಕೊಡಬೇಡಿ. ನಮಗೆ ಔಷಧಿ, ಅದಕ್ಕೆ ವಿಷ. ಅರ್ಧ ಮಾತ್ರೆಗೂ ಸಾಯಬಹುದು. ಮೇಲಿನ ಮಹಡಿಯಲ್ಲಿದ್ದರೆ ಬಾಲ್ಕನಿಗೆ, ಕಿಟಕಿಗೆ ಬಲೆ ಹಾಕಿಸಿ. ಪಾರಿವಾಳದ ಮೇಲೆ ಹಾರಿ ಕೆಳಗೆ ಬೀಳುವ ಬೆಕ್ಕುಗಳು ಕಮ್ಮಿ ಇಲ್ಲ. ಐದಾರು ತಿಂಗಳಿಗೆ ಆಪರೇಷನ್ ಮಾಡಿಸಿ. ಇಲ್ಲದಿದ್ದರೆ ಹೆಣ್ಣು ಬೆಕ್ಕು ಬೆದೆಗೆ ಬಂದಾಗ ರಾತ್ರಿಯೆಲ್ಲ ಅರಚುತ್ತದೆ, ಎರಡು ತಿಂಗಳಲ್ಲಿ ಮನೆ ತುಂಬ ಮರಿ. ಮನೇಲಿ ಗರ್ಭಿಣಿ ಇದ್ದರೆ ಬೆಕ್ಕನ್ನು ಓಡಿಸಬೇಕು ಅಂತೇನಿಲ್ಲ. ಮರಳಿನ ಟ್ರೇಯನ್ನು ಬೇರೆಯವರು ದಿನಾ ತೆಗೆದು ತೊಳೆದರೆ ಸಾಕು.

ಗಿಣಿ, ಆಮೆ, ಮೀನು

ಹಸಿರು ಗಿಣಿಯನ್ನು ಪಂಜರದಲ್ಲಿಟ್ಟು 'ರಾಮ ರಾಮ' ಕಲಿಸುವುದು 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ನಕ್ಷತ್ರ ಆಮೆಗೂ ಅದೇ. ಅದೃಷ್ಟ ಬರುತ್ತೆ ಅಂತ ಯಾರೋ ತಂದುಕೊಟ್ಟರೂ ಕೇಸು ನಿಮ್ಮ ಮೇಲೆ. ಅಂಗಡಿಯಲ್ಲಿ ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಿರುವ, ಕಿವಿ ಹತ್ತಿರ ಕೆಂಪು ಪಟ್ಟೆಯ ನೀರಾಮೆ ಮಾರುತ್ತಾರಲ್ಲ, ಅದು ಅಮೆರಿಕದ್ದು. ಊಟದ ತಟ್ಟೆಯಷ್ಟು ಬೆಳೆಯುತ್ತದೆ, 20 ವರ್ಷ ದಾಟಿ ಬದುಕುತ್ತದೆ. ಸಾಕಾಗಿ ಕೆರೆಗೆ ಬಿಟ್ಟವರಿಂದ ಈಗ ನಮ್ಮ ಕೆರೆಗಳ ಆಮೆಗಳಿಗೆ ಕುತ್ತು. ಲವ್ ಬರ್ಡ್ಸ್ ಅಂತ ಇಲ್ಲಿ ಮಾರುವುದು ಹೆಚ್ಚಾಗಿ ಆಸ್ಟ್ರೇಲಿಯಾದ ಬಡ್ಜರಿಗಾರ್ ಅನ್ನುವ ಪುಟ್ಟ ಗಿಣಿ. ಸಾಕಬಹುದು, ಆದರೆ ಜೋಡಿ ಬೇಕು, ದೊಡ್ಡ ಪಂಜರ ಬೇಕು, ಕಾಳಿನ ಸಿಪ್ಪೆ ಗುಡಿಸುವ ತಾಳ್ಮೆ ಬೇಕು.

ಮೀನು ಸುಲಭ ಅನ್ನುತ್ತಾರೆ. ದುಂಡು ಬೋಗುಣಿಯಲ್ಲಿ ಹಾಕಿದ ಗೋಲ್ಡ್ ಫಿಶ್ ತನ್ನದೇ ಕಸದಲ್ಲಿ ಉಸಿರುಗಟ್ಟಿ ಬೇಗ ಸಾಯುತ್ತದೆ, ಸರಿಯಾದ ತೊಟ್ಟಿಯಲ್ಲಿ ಅದೇ ಮೀನು ಹತ್ತು ವರ್ಷ ಇರುತ್ತದೆ. ಇಷ್ಟು ಸಾಕು, ಮೀನಿನ ಬಗ್ಗೆ ನನಗೆ ಅಂಥ ಆಸೆಯಿಲ್ಲ.

ತರುವ ಮುಂಚೆ

ಬಾಡಿಗೆ ಮನೆಯಾದರೆ ಓನರ್ ಒಪ್ಪಿಗೆಯನ್ನು ಅಗ್ರಿಮೆಂಟಲ್ಲಿ ಬರೆಸಿ. ಬಾಯಿಮಾತು ಆಮೇಲೆ ಯಾರಿಗೂ ನೆನಪಿರುವುದಿಲ್ಲ. ಸ್ವಂತ ಫ್ಲ್ಯಾಟಾದರೆ ಅಸೋಸಿಯೇಷನ್ನಿನವರು ನಾಯಿ ಸಾಕಬಾರದು, ಲಿಫ್ಟಿಗೆ ತರಬಾರದು ಅಂತ ನಿಯಮ ಮಾಡುವಂತಿಲ್ಲ. ಬಹುಮತದಿಂದಲೂ ಮಾಡುವಂತಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಹಾಗಂತ ಕಾಗದ ತೋರಿಸಿ ಜಗಳಕ್ಕೆ ನಿಲ್ಲಬೇಡಿ. ಹಕ್ಕಿನ ಜೊತೆ ಕಕ್ಕ ಎತ್ತುವ ಚೀಲವೂ ಜೇಬಲ್ಲಿರಲಿ, ಅರ್ಧ ಜಗಳ ಅಲ್ಲೇ ತೀರುತ್ತದೆ. ಬೆಂಗಳೂರಲ್ಲಿ ಸಾಕುನಾಯಿಗೆ ಪಾಲಿಕೆಯ ಲೈಸೆನ್ಸೂ ಬೇಕು.

ಮರಿಗೆ ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಆಮೇಲೆ ಡಾಕ್ಟರು ಬರೆದುಕೊಟ್ಟ ದಿನಗಳಿಗೆ ಸರಿಯಾಗಿ ಉಳಿದವು, ಮೂರು ತಿಂಗಳಿಗೆ ರೇಬೀಸ್, ಮುಂದೆ ಪ್ರತಿ ವರ್ಷ. ನಮ್ಮದೇ ಮರಿ ಅಲ್ವಾ, ಆಟಕ್ಕೆ ಕಚ್ಚಿದ್ದು ಅಂತ ಬಿಡಬೇಡಿ. ಹಲ್ಲು ತಾಗಿ ಚರ್ಮ ಗೀರಿದರೆ 15 ನಿಮಿಷ ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಮೆಣಸಿನಪುಡಿ ಏನೂ ಹಚ್ಚಬೇಡಿ. ರೇಬೀಸ್ ಒಮ್ಮೆ ಕಾಣಿಸಿಕೊಂಡರೆ ಮತ್ತೆ ಔಷಧಿಯಿಲ್ಲ.

ಊರಿಗೆ ಹೋಗುವಾಗ ಏನು ಮಾಡುತ್ತೀರಿ ಅನ್ನುವುದನ್ನೂ ಈಗಲೇ ಯೋಚಿಸಿ. ಗೌರಿ ಗಣೇಶ, ಮದುವೆ, ತಿಥಿ, ಮನೆಮಂದಿಯೆಲ್ಲ ಹೊರಡುವ ದಿನಗಳು ನಮ್ಮಲ್ಲಿ ಜಾಸ್ತಿ. ಬೆಕ್ಕಿಗಾದರೆ ಪಕ್ಕದ ಮನೆಯವರು ಎರಡು ಹೊತ್ತು ಬಂದು ನೋಡಿದರೆ ನಡೆಯುತ್ತದೆ. ನಾಯಿಗೆ ನಡೆಯುವುದಿಲ್ಲ. ರೈಲಲ್ಲಿ ಫಸ್ಟ್ ಎಸಿಯ ಕೂಪೆ, ಅಂದರೆ ಇಬ್ಬರು ಮಲಗುವ ಕೋಣೆ, ಪೂರ್ತಿ ಹಿಡಿಯಬೇಕು, ಇಲ್ಲ ಗಾರ್ಡ್ ಡಬ್ಬಿಯ ಪೆಟ್ಟಿಗೆ. ಆ ಪೆಟ್ಟಿಗೆಯಲ್ಲಿ ನಾನಂತೂ ಕಳಿಸುವುದಿಲ್ಲ. ನಾವು ಈಗ ಕಾರಲ್ಲಿ ಹೋಗಬಹುದಾದ ಮದುವೆಗಳಿಗೆ ಮಾತ್ರ ಹೋಗುತ್ತೇವೆ. ಇದು ಲಾಭವೋ ನಷ್ಟವೋ ನೀವೇ ಹೇಳಿ.

ಇಷ್ಟೆಲ್ಲ ಓದಿಯೂ ಗೊಂದಲ ಇದ್ದರೆ ಕೊಳ್ಳಲೂ ಬೇಡಿ, ದತ್ತು ತೆಗೆದುಕೊಳ್ಳಲೂ ಬೇಡಿ. ಹದಿನೈದು ದಿನ ಫಾಸ್ಟರ್ ಮಾಡಿ, ಅಂದರೆ ಬೇರೆ ಮನೆ ಸಿಗುವ ತನಕ ಒಂದು ಪ್ರಾಣಿಗೆ ನಿಮ್ಮ ಮನೇಲಿ ಜಾಗ ಕೊಡಿ. ನಾಯಿ ಬೆಕ್ಕು ರಕ್ಷಿಸುವ ಸ್ವಯಂಸೇವಕರಿಗೆ ಇಂಥ ಮನೆ ಯಾವಾಗಲೂ ಬೇಕಿರುತ್ತದೆ. ಅಷ್ಟು ದಿನದಲ್ಲಿ ಯಾರು ಎದ್ದೇಳುತ್ತಾರೆ, ಯಾರು ಮುಸುಕು ಹಾಕಿಕೊಳ್ಳುತ್ತಾರೆ ಎಲ್ಲ ತಿಳಿಯುತ್ತದೆ. ಕೆಂಚ ಬಂದಿದ್ದೂ ಹಾಗೇ. ಆಗ ಅಮ್ಮ ಖಂಡಿತವಾಗಿ ಹೇಳಿದ್ದರು, "ನೋಡಪ್ಪಾ, ಹದಿನೈದು ದಿನ ಅಂದರೆ ಹದಿನೈದೇ ದಿನ." ಹದಿನಾರನೇ ದಿನ ಮಧ್ಯಾಹ್ನ ಆ ಸ್ವಯಂಸೇವಕಿ ಮನೆಗೇ ಫೋನ್ ಮಾಡಿ, ಬೇರೆ ಮನೆ ಸಿಕ್ಕಿದೆ, ಕರೆದುಕೊಂಡು ಹೋಗಲು ಬರಲಾ ಅಂತ ಕೇಳಿದ್ದಾಳೆ. ಅಮ್ಮ, "ಈಗ ಮಲಗಿದಾನಮ್ಮ, ಆಮೇಲೆ ಮಾಡು" ಅಂತ ಹೇಳಿ ಇಟ್ಟುಬಿಟ್ಟರಂತೆ.